ಪಡಸಾಲೆಯಿಂದ ಸೊರಬಕ್ಕೆ ಬಸ್ಸು

ಶಿಕಾರಿಪುರದ ನಮ್ಮ ಓಣಿಯಲ್ಲಿ ಒಂದು ಮನೆಯಿದೆ. ಆ ಮನೆಯ ಪಡಸಾಲೆಯಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ. ಆದರೆ ಎರಡು ತಿಂಗಳ ಕಾಲ ಅಷ್ಟು ದೂರ ಹೋಗಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ನಡುವೆ ಶಿರಾಳಕೊಪ್ಪದಲ್ಲಿ ಚಹಾಕ್ಕೆ ಬೇರೆ ನಿಲ್ಲಬೇಕಿತ್ತು. ಇದನ್ನು ಯಾರಿಗಾದರೂ ಹೇಳಿದರೆ ಅವರು ನನ್ನ ಮುಖ ನೋಡಿ, ಆಮೇಲೆ ಮೆಲ್ಲಗೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳಾದರೂ ನನ್ನ ಪರ ನಿಲ್ಲುತ್ತಾಳೆಯೇ? "ಹೌದ್ರೀ, ಇವರೇ ಆ ಬಸ್ಸಿಗೆ ಸೀಟಿ ಊದ್ತಿದ್ರು" ಎಂದು ಇನ್ನಷ್ಟು ಕೆಡಿಸುತ್ತಾಳೆ.

ಆ ಮನೆಯ ಯಜಮಾನರು ಹೋದ ತಿಂಗಳು ತೀರಿಕೊಂಡರು. ಶಿಕಾರಿಪುರದಿಂದ ಹೊರಟು ಶಿರಾಳಕೊಪ್ಪ, ತಾಳಗುಂದ, ಕುಬಟೂರು ಎಂದು ಸುತ್ತಿ ಬಳಸಿ ಸೊರಬ ಸೇರುವ ಒಂದು ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಅವರಿಗೊಂದು ಹೆಸರಿತ್ತು, ಆದರೆ ಅದನ್ನು ಬಳಸಿದವರನ್ನು ನಾನು ಕಾಣೆ. ಊರಿಗೆಲ್ಲ ಅವರು ಕಂಡಕ್ಟ್ರು. ಹೆಂಡತಿಗೂ "ನಮ್ಮನೆ ಕಂಡಕ್ಟ್ರು". ನಾನೂ ಹಾಗೇ ಬರೆಯುತ್ತೇನೆ.

ನಾನು ಕುಬಟೂರಿನ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹನ್ನೊಂದು ವರ್ಷ ಅವರ ಬೆಳಗಿನ ಏಳು ಹತ್ತರ ಬಸ್ಸಿನಲ್ಲೇ ಹೋಗಿದ್ದೇನೆ. ಕಿವಿಯ ಹಿಂದೆ ಪೆನ್ನು, ಹೆಗಲಿಗೆ ಚರ್ಮದ ಚೀಲ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟೀಲಿನ ಸೀಟಿ. ಬಸ್ಸು ಪೂರ್ತಿ ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಜನರ ಮುಖ ಅವರಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ, ಕಾಲು ನೆನಪಿರುತ್ತಿತ್ತು. ನಾನು ಒಂದು ಸೋಮವಾರ ಚಪ್ಪಲಿ ಬಿಟ್ಟು ಹೊಸ ಬೂಟು ಹಾಕಿಕೊಂಡು ಹತ್ತಿದರೆ, "ಎಲ್ಲಿಗ್ರೀ ನಿಮ್ದು?" ಎಂದು ಟಿಕೆಟ್ ಹರಿಯಲು ಬಂದಿದ್ದರು. ತಲೆಯೆತ್ತಿ ನೋಡಿದ ಮೇಲೆ, "ಹೇಳಬಾರದೇನ್ರಿ ಮೇಷ್ಟ್ರೇ" ಎಂದು ನನ್ನ ಮೇಲೆಯೇ ಸಿಟ್ಟಾದರು.

ಕಾಲು ನೋಡುವುದಕ್ಕೆ ಕಾರಣವಿತ್ತು. ಹತ್ತುವವರ ಕೊನೆಯ ಪಾದ ನೆಲ ಬಿಟ್ಟು ಮೆಟ್ಟಿಲ ಮೇಲೆ ಬಂದಿದ್ದನ್ನು ಬಗ್ಗಿ ನೋಡದ ಹೊರತು ಅವರು ರೈಟ್ ಕೊಡುತ್ತಿರಲಿಲ್ಲ. ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೊರಡು. "ಕಾಲು ಮೊದಲು, ಸೀಟಿ ಆಮೇಲೆ" ಎನ್ನುವುದು ಅವರು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಮೂವತ್ತು ವರ್ಷದಲ್ಲಿ ಒಬ್ಬ ಅಜ್ಜಿಯ ಸೆರಗು ಕೂಡ ಅವರ ಬಾಗಿಲಿಗೆ ಸಿಕ್ಕಿರಲಿಲ್ಲ.

ಇನ್ನು ನಾಯಿ. ಸೊರಬದ ಬಸ್‌ಸ್ಟ್ಯಾಂಡಿನ ಕಂದು ಬಣ್ಣದ ಬೀದಿನಾಯಿ. ಒಂದು ದಿನ ತಾನಾಗಿಯೇ ಹತ್ತಿ, ಹಿಂದಿನ ಉದ್ದ ಸೀಟಿನ ಕೆಳಗೆ ಮಲಗಿ, ಶಿಕಾರಿಪುರದಲ್ಲಿ ಇಳಿದು, ಕಂಡಕ್ಟ್ರ ಹಿಂದೆ ಮನೆಗೆ ಬಂದುಬಿಟ್ಟಿತು. ಮಾರನೆಯ ದಿನ ಅವರ ಜೊತೆಗೇ ಡ್ಯೂಟಿಗೆ ಹೊರಟಿತು. ಚೆಕಿಂಗಿಗೆ ಬಂದವರು "ಇದೇನ್ರೀ ಸೀಟಿನ ಕೆಳಗೆ?" ಎಂದು ಕೇಳಿದಾಗ ಕಂಡಕ್ಟ್ರು "ಲಗೇಜು" ಎಂದರಂತೆ. ಅದೇ ಅದರ ಹೆಸರಾಯಿತು.

ನಿವೃತ್ತಿಯ ದಿನ ಸೊರಬದ ಸ್ಟ್ಯಾಂಡಿನಲ್ಲಿ ಎಲ್ಲರೂ ಸೇರಿ ಅವರಿಗೆ ಶಾಲು ಹೊದಿಸಿದೆವು. ಚೆಂಡುಹೂವಿನ ಹಾರಗಳು ಒಂದರ ಮೇಲೊಂದು ಬಿದ್ದು ಮೂಗಿನವರೆಗೆ ಬಂದವು. ಯಾರೋ ಜೈಕಾರ ಹಾಕಿದರು. ಡ್ರೈವರು ಹಾರ್ನ್ ಹೊಡೆದ. ಆ ಗಲಾಟೆಯಲ್ಲಿ ಕಂಡಕ್ಟ್ರು ಹಾರದ ಸಂದಿಯಿಂದಲೇ ಎರಡು ಸೀಟಿ ಊದಿದರು. ಬಸ್ಸು ಒಂದು ಮಾರು ಮುಂದೆ ಹೋಯಿತು. ಲಗೇಜಿನ ಮುಂದಿನ ಎರಡು ಕಾಲು ಮೆಟ್ಟಿಲ ಮೇಲಿದ್ದವು, ಹಿಂದಿನವು ಇನ್ನೂ ನೆಲದಲ್ಲಿದ್ದವು. ಹಿಂದಿನ ಬಲಗಾಲು ಚಕ್ರಕ್ಕೆ ಸಿಕ್ಕಿತು. ಕಂಡಕ್ಟ್ರು ಹೊದ್ದ ಶಾಲಿನಲ್ಲೇ ನಾಯಿಯನ್ನು ಸುತ್ತಿ ಎತ್ತಿಕೊಂಡರು. "ಸೀಟಿ ಮೊದಲಾತಲ್ರೀ ಮೇಷ್ಟ್ರೇ, ಸೀಟಿ ಮೊದಲಾತು" ಎಂದು ದಾರಿಯುದ್ದಕ್ಕೂ ಅದೊಂದೇ ಮಾತು.

ಕಾಲಿಗೆ ರಾಡು ಹಾಕಿ ಪಟ್ಟಿ ಕಟ್ಟಿದ ಪಶುವೈದ್ಯೆ ಚಿಕ್ಕ ವಯಸ್ಸಿನ ಹುಡುಗಿ, ಕಡ್ಡಿ ಮುರಿದಂತೆ ಮಾತು. "ಎಂಟು ವಾರ ಮನೆ ಒಳಗೇ ಇರಬೇಕು. ಓಡಬಾರದು, ಜಿಗಿಯಬಾರದು. ರಾಡು ಜಾರಿದ್ರೆ ಕಾಲು ತೆಗೀಬೇಕಾಗುತ್ತೆ. ಸುಮ್ಮನೆ ಕಟ್ಟಿಹಾಕಿದ್ರೆ ಬೇಜಾರಿಗೆ ಪಟ್ಟಿನೇ ಕಚ್ಚಿ ಕಿತ್ತುಹಾಕುತ್ತೆ. ಕಾಲಿಗೆ ರೆಸ್ಟು ಕೊಡಿ, ತಲೆಗೆ ಕೆಲಸ ಕೊಡಿ" ಎಂದಳು.

ಕಂಡಕ್ಟ್ರು ಈ ಕೊನೆಯ ಮಾತನ್ನು ಮನೆಗೆ ಹೊತ್ತು ತಂದು ನನ್ನ ಮುಂದೆ ಇಟ್ಟರು. "ನಾಯಿ ತಲೆಗೆ ಏನ್ರೀ ಕೆಲಸ ಕೊಡೋದು? ನನ್ನ ತಲೆಗೇ ಯಾರೂ ಕೊಟ್ಟಿಲ್ಲ." ನಾನು ವಿಜ್ಞಾನದ ಮೇಷ್ಟ್ರಲ್ಲವೇ, ಗಂಭೀರವಾಗಿ ಹೇಳಿದೆ: ತಿಂಡಿ ಬಚ್ಚಿಡಿ, ಮೂಸಿ ಹುಡುಕಲಿ. "ಬಚ್ಚಿಡೋದು ಕಳ್ಳರ ಕೆಲಸ" ಎಂದು ಅವರು ಒಪ್ಪಲಿಲ್ಲ. ಟೀವಿ ಹಚ್ಚಿಟ್ಟರು. ನಾಯಿ ಅರ್ಧ ಗಂಟೆ ಧಾರಾವಾಹಿ ನೋಡಿ, ಪಟ್ಟಿ ಕಚ್ಚಲು ಶುರುಮಾಡಿತು.

ಪಟ್ಟಿಗಿಂತ ದೊಡ್ಡ ಕಷ್ಟ ಬೆಳಗಿನ ಏಳು ಹತ್ತರದು. ನಮ್ಮ ಓಣಿಯ ತುದಿಯಲ್ಲಿ ಆ ಹೊತ್ತಿಗೆ ಸರಿಯಾಗಿ ಬಸ್ಸಿನ ಹಾರ್ನ್ ಕೇಳುತ್ತದೆ. ಕೇಳಿದ್ದೇ ತಡ, ಲಗೇಜು ಡ್ಯೂಟಿಗೆ ಹೊತ್ತಾಯಿತೆಂದು ಮೂರು ಕಾಲಿನಲ್ಲಿ ಬಾಗಿಲಿಗೆ ಹಾರುತ್ತಿತ್ತು. ಮೊದಲ ಮೂರು ದಿನ ಕಂಡಕ್ಟ್ರು, ಅವರ ಹೆಂಡತಿ, ನಾನು ಮೂವರೂ ಸೇರಿ ಅದನ್ನು ಅದುಮಿ ಹಿಡಿದೆವು. ನಾಲ್ಕನೆಯ ದಿನ ಕಂಡಕ್ಟ್ರು ನನ್ನನ್ನು ಬೆಳಿಗ್ಗೆ ಏಳಕ್ಕೇ ಕರೆಸಿದರು. "ಅದಕ್ಕೆ ಬಸ್ಸು ಬೇಕು. ಹೊರಗಿಂದು ಆಗಂಗಿಲ್ಲ. ಅದಕ್ಕೇ ಏಳು ಹತ್ತಕ್ಕೆ ಒಳಗಿಂದೇ ಬಿಡೋಣ" ಎಂದರು.

ಮನೆಯಲ್ಲಿ ರೂಟು ಸಿದ್ಧವಾಗಿತ್ತು. ಪಡಸಾಲೆ ಶಿಕಾರಿಪುರ. ನಡುವಿನ ಓಡಾಡುವ ಜಾಗ ಶಿರಾಳಕೊಪ್ಪ. ಮಲಗುವ ಕೋಣೆಯಲ್ಲಿ ಮಂಚದ ಪಕ್ಕ ತಾಳಗುಂದ. ದೇವರ ಕೋಣೆಯ ಬಾಗಿಲು ಕುಬಟೂರು. ಅಲ್ಲಿ ಹಳೆಯ ಗುಡಿಗಳಿವೆಯಲ್ಲ, ಅದಕ್ಕೆ. ಅಡುಗೆಮನೆ ಸೊರಬ, ಏಕೆಂದರೆ ಹೆಂಡತಿಯ ತವರು ಸೊರಬ. ಬಚ್ಚಲಿಗೆ ಅಂಜನಾಪುರ ಎಂದು ಹೆಸರಿಟ್ಟರೂ, "ನೀರಿರೋ ಜಾಗ ಖರೆ, ಆದ್ರೆ ನಮ್ಮ ರೂಟಿನಾಗೆ ಬರಂಗಿಲ್ಲ" ಎಂದು ಅದನ್ನು ಬೋರ್ಡಿನಿಂದ ಕೈಬಿಟ್ಟರು. ಬೋರ್ಡು ಎಂದರೆ ನಿಜವಾಗಿಯೂ ಬೋರ್ಡು. ರಟ್ಟಿನ ಮೇಲೆ ಬರೆದು ಟೀವಿಗೆ ಒರಗಿಸಿದ್ದರು.

ಪ್ರತಿ ಸ್ಟಾಪಿನಲ್ಲೂ ಐದು ಬಟ್ಟೆಯ ಗಂಟುಗಳು. ತಮ್ಮ ಹಳೆಯ ಪ್ರಯಾಣಿಕರಿಂದ ಊರಿಗೆ ಐದರಂತೆ ಬೆವರು ಕುಡಿದ ಟವೆಲ್ಲುಗಳನ್ನು ಬೇಡಿ ತಂದಿದ್ದರು. ತಾಳಗುಂದದಲ್ಲಿ ರೊಟ್ಟಿ ಚೂರು ಇರುವುದು ತಾಳಗುಂದದವರ ಟವೆಲ್ಲಿನಲ್ಲಿ ಮಾತ್ರ, ಕುಬಟೂರಿನಲ್ಲಿ ಕುಬಟೂರಿನದರಲ್ಲಿ. ನಾಯಿ ಮೂಸಿ, ಯೋಚಿಸಿ, ಸರಿಯಾದ ಗಂಟನ್ನು ಬಿಚ್ಚಬೇಕು. ತಪ್ಪಿದರೆ ಮತ್ತೆ ಮೂಸಬೇಕು. ಹಾರ್ನ್ ಕೇಳಿದರೆ ಏಳಕೂಡದು, ಎರಡು ಸೀಟಿ ಬಂದರೆ ಮಾತ್ರ ಏಳಬೇಕು ಎನ್ನುವುದು ಕಾಯಿದೆ. ಬಚ್ಚಿಡುವುದು ಕಳ್ಳರ ಕೆಲಸ ಎಂದವರು ಇದಕ್ಕೆ ಹೇಗೆ ಒಪ್ಪಿದಿರಿ ಎಂದರೆ, "ಬಚ್ಚಿಟ್ಟಿಲ್ರಿ, ಇದು ಪಾರ್ಸಲ್ಲು" ಎಂದರು.

ಏಳು ಹತ್ತಾಯಿತು. ಹೊರಗೆ ಹಾರ್ನ್. ನಾನೂ ಅವರ ಹೆಂಡತಿಯೂ ನಾಯಿಯನ್ನು ಹಿಡಿದು ಕೂತಿದ್ದೆವು. ಕಂಡಕ್ಟ್ರು ಸೀಟಿಯನ್ನು ತುಟಿಗಿಟ್ಟರು. ಊದಲಿಲ್ಲ. ತೆಗೆದು ಒರೆಸಿ ಮತ್ತೆ ಇಟ್ಟರು. ಆಗಲೂ ಊದಲಿಲ್ಲ. ಆಮೇಲೆ ಸೀಟಿಯನ್ನು ಕೊರಳಿಂದ ತೆಗೆದು ನನ್ನ ಕೈಯಲ್ಲಿಟ್ಟರು.

"ನಿಲ್ಸೋದು ಬೇಕಾದ್ರೆ ಊದ್ತೀನಿ ಮೇಷ್ಟ್ರೇ. ಹೊರಡ್ಸೋದು ನನ್ನ ಕೈಲಾಗಂಗಿಲ್ಲ."

ಅವರು ನೆಲಕ್ಕೆ ಬಗ್ಗಿ ಎಣಿಸಿದರು. "ಒಂದು, ಎರಡು, ಮೂರು. ನಾಲ್ಕನೇದು ಮೇಲೈತಿ, ಆದ್ರೂ ಒಳಗೈತಿ. ಹೂಂ, ಊದ್ರಿ." ನಾನು ಊದಿದೆ. ಆ ಸೀಟಿಯ ಒಳಗಿನ ಗೋಲಿ ಯಾವಾಗಲೋ ಸವೆದು ಉದುರಿತ್ತು, ಹಾಗಾಗಿ ಅದು ಪೀ ಎನ್ನುತ್ತಿರಲಿಲ್ಲ, ಸ್ಸ್ ಸ್ಸ್ ಎಂದು ಹಬೆ ಬಿಟ್ಟಂತೆ ಸದ್ದು ಮಾಡುತ್ತಿತ್ತು. ಲಗೇಜು ಕಿವಿ ನಿಮಿರಿಸಿ, ಕುಂಟುತ್ತಾ, ಒಬ್ಬ ಮರ್ಯಾದಸ್ಥ ಪ್ರಯಾಣಿಕನ ಹಾಗೆ ಶಿರಾಳಕೊಪ್ಪಕ್ಕೆ ಹೊರಟಿತು.

ಅಲ್ಲಿಂದ ನನ್ನ ಪಾಡು ಕೇಳಬೇಡಿ. ಒಳಗಿನ ಬಸ್ಸಿಗೆ ರೈಟ್ ಕೊಟ್ಟು, ಟಿಫಿನ್ ಡಬ್ಬಿ ಎತ್ತಿಕೊಂಡು, ಹೊರಗಿನ ಬಸ್ಸಿಗೆ ಓಡಬೇಕು. ವಾರದಲ್ಲಿ ಮೂರು ದಿನ ಅದು ತಪ್ಪುತ್ತಿತ್ತು. "ಯಾಕೆ ತಡ?" ಎಂದು ಹೆಡ್‌ಮಾಸ್ಟರು ಕೇಳಿದರೆ "ಬಸ್ಸು ಬಿಡೋದು ತಡ ಆಯ್ತು ಸಾರ್" ಎನ್ನುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ. ನಾನು ಓಡಿದ ಮೇಲೆ ಶಿರಾಳಕೊಪ್ಪದಿಂದ ಮುಂದಕ್ಕೆ ಸೀಟಿ ಊದುವ ಕೆಲಸ ಅವರ ಹೆಂಡತಿಯದು. ಹಿಟ್ಟು ಮೆತ್ತಿದ ಕೈಯಲ್ಲಿ ಬಂದು, "ಎಂತ ಕರ್ಮ ಮಾರಾಯ್ರೇ, ಅಪ್ಪನ ಮನೇಲಿ ಜೋರಾಗಿ ನಕ್ಕವಳೂ ಅಲ್ಲ ನಾನು, ಈ ವಯಸ್ಸಿಗೆ ಸೀಟಿ ಊದೋದು ಕಲಿಸಿದ್ರಲ್ಲ" ಎಂದು ಬೈಯುತ್ತಲೇ ಊದುತ್ತಿದ್ದರು. ಬೈದರೂ ಎಣಿಸದೆ ಊದಿದವರಲ್ಲ.

ಭಾನುವಾರ ಸ್ಪೆಷಲ್. ಅವತ್ತು ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡು ಸಾಲಿನಲ್ಲಿ ಹಾಕಿ, ನಡುವೆ ದಾರಿ ಬಿಟ್ಟು, ಹಳೆಯ ಪ್ರಯಾಣಿಕರನ್ನು ಕೂರಿಸುತ್ತಿದ್ದರು. ಎಲ್ಲರ ಕೈಗೂ ಕೊಬ್ಬರಿ ಉಜ್ಜಿದ ಹಳೆಯ ಟಿಕೆಟ್. ಒಬ್ಬರಿಗೆ ಮಾತ್ರ ಇಲ್ಲ. ಆ ಒಬ್ಬರನ್ನು ನಾಯಿ ಹಿಡಿಯಬೇಕು. ಮೊದಲ ಭಾನುವಾರ ಲಗೇಜು ಪ್ರತಿಯೊಬ್ಬರ ಕೈ ಮೂಸುತ್ತಾ ನಿಧಾನವಾಗಿ ಬಂದು, ತಾಳಗುಂದದ ಗೌಡರ ಮುಂದೆ ಕೂತುಬಿಟ್ಟಿತು. ಅವತ್ತು ಟಿಕೆಟ್ ಇಲ್ಲದವರು ಅವರೇ.

ಗೌಡರು ಹೊಲದಲ್ಲಿ ಮೆಕ್ಕೆಜೋಳ ಕೊಯ್ಯುವುದನ್ನು ಬಿಟ್ಟು ಬಂದಿದ್ದರು. ಖುಷಿಯಲ್ಲಿ ತೊಡೆ ತಟ್ಟಿದರು. "ಮೂವತ್ತು ವರ್ಷದಾಗೆ ನಾನು ಎಷ್ಟು ಸಲ ಟಿಕೆಟ್ ಇಲ್ದೆ ಹೋಗೀನಿ, ಇವರಿಗೆ ಗೊತ್ತಾಗ್ಲಿಲ್ಲ. ಇದು ಮೂರು ಕಾಲಿನಾಗೆ ಹಿಡೀತಲ್ರೀ!"

ಕಂಡಕ್ಟ್ರು ತಲೆಯೆತ್ತದೆ ಹೇಳಿದರು: "ಗೊತ್ತಿತ್ತು ಗೌಡ್ರೇ. ಟಿಕೆಟ್ ಇಲ್ದಾಗ ನಿಮ್ಮ ಕಾಲು ನಡುಗ್ತಿದ್ವು."

ಆ ಗೌಡರು ಎರಡು ಭಾನುವಾರ ಬರಲಿಲ್ಲ, ಮೂರನೆಯ ಭಾನುವಾರ ಬಂದರು.

ಎಲ್ಲವೂ ಸರಿಯಾಗಿ ನಡೆದಿತ್ತು, ಮೂರನೆಯ ವಾರದ ಒಂದು ಬೆಳಿಗ್ಗೆಯವರೆಗೆ. ನಾಯಿ ತಾಳಗುಂದದಲ್ಲಿತ್ತು. ಸೊರಬದಲ್ಲಿ, ಅಂದರೆ ಅಡುಗೆಮನೆಯಲ್ಲಿ, ಕುಕ್ಕರಿನಲ್ಲಿ ಬೇಳೆ ಬೇಯುತ್ತಿತ್ತು. ಕುಕ್ಕರ್ ಒಂದು ಸೀಟಿ ಹೊಡೆಯಿತು. ಆಮೇಲೆ ಇನ್ನೊಂದು. ಗೋಲಿಯಿಲ್ಲದ ಸೀಟಿಗೂ ಕುಕ್ಕರಿಗೂ ನಾಯಿಗೆ ಏನು ವ್ಯತ್ಯಾಸ? ಎರಡು ಸೀಟಿ ಎಂದರೆ ರೈಟ್. ಲಗೇಜು ಮಂಚದ ಪಕ್ಕದಿಂದ ಜಿಗಿದು, ಕುಬಟೂರಿನಲ್ಲಿ ನಿಲ್ಲದೆ, ನೇರ ಸೊರಬಕ್ಕೆ ನುಗ್ಗಿ, ಹೊಸ್ತಿಲಿನಲ್ಲಿ ಜಾರಿ ಬಿತ್ತು. ಅದು ಕೂಗಿಕೊಂಡದ್ದು, ಅವತ್ತು ಬಸ್ಸು ತಪ್ಪಿ ಮನೆಗೆ ವಾಪಸಾಗಿದ್ದ ನನಗೂ ಕೇಳಿಸಿತು. ಡಾಕ್ಟರ್ ಹುಡುಗಿ ಬಂದು ಕಾಲು ಒತ್ತಿ ನೋಡುವವರೆಗೆ ಕಂಡಕ್ಟ್ರು ಗೋಡೆಗೆ ಮುಖ ಮಾಡಿ ನಿಂತಿದ್ದರು. "ರಾಡು ಜಾರಿಲ್ಲ. ಇನ್ನೊಂದು ಸಲ ಹೀಗಾದ್ರೆ ನನ್ನನ್ನ ಕರೀಬೇಡಿ" ಎಂದು ಹೇಳಿ ಅವಳು ಹೋದಳು.

ಅವತ್ತಿನಿಂದ ಆ ಮನೆಯಲ್ಲಿ ಕುಕ್ಕರ್ ಅಟ್ಟ ಸೇರಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಕಪಕ್ಕದ ಕುಕ್ಕರುಗಳ ಗತಿ? ಕಂಡಕ್ಟ್ರು ಓಣಿಯ ಮನೆಮನೆಗೆ ಹೋಗಿ ಕೈಮುಗಿದರು. "ಒಂದು ಸೀಟಿ ಆದ ಕೂಡ್ಲೇ ಇಳಿಸಿಬಿಡ್ರಿ ತಾಯಿ. ಎರಡು ಮಾತ್ರ ಬ್ಯಾಡ."

ಎದುರುಮನೆಯ ಗಿರಿಜಮ್ಮ ಸೊಂಟಕ್ಕೆ ಕೈಯಿಟ್ಟರು. "ಏನ್ರೀ ಕಂಡಕ್ಟ್ರೇ, ನಿಮ್ಮ ನಾಯಿ ಸಲುವಾಗಿ ಓಣಿ ಮಂದಿಯೆಲ್ಲ ಹಸಿ ಬೇಳೆ ತಿನ್ನಬೇಕೇನ್ರೀ?"

"ಐದು ವಾರ ತಾಯಿ, ಐದೇ ವಾರ. ಅದರ ಕಾಲು ನಾನು ಮುರಿದೀನಿ" ಎಂದು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟರು. ಗಿರಿಜಮ್ಮ ಕಂಗಾಲಾದರು. ಐದು ವಾರ ನಮ್ಮ ಓಣಿ ಗಟ್ಟಿ ಬೇಳೆ, ಗಟ್ಟಿ ಕಡಲೆ, ಗಟ್ಟಿ ಅವರೆಕಾಳು ತಿಂದಿತು. ನನ್ನ ಹೊಟ್ಟೆ ಇಂದಿಗೂ ಅದನ್ನು ಮರೆತಿಲ್ಲ. ಆದರೆ ಒಬ್ಬರೂ ಎರಡನೆಯ ಸೀಟಿ ಹೊಡೆಸಲಿಲ್ಲ. ನಮ್ಮ ಓಣಿಯ ಮೇಲೆ ನನಗೆ ಅಷ್ಟು ಹೆಮ್ಮೆ ಬೇರೆ ಯಾವ ಕಾರಣಕ್ಕೂ ಬಂದಿಲ್ಲ.

ಎಂಟನೆಯ ವಾರ ಪಟ್ಟಿ ಬಿಚ್ಚಿದರು. ಕಾಲು ಉಳಿದಿತ್ತು, ಸ್ವಲ್ಪ ಸೊಟ್ಟ ಅಷ್ಟೇ. ಮಾರನೆಯ ದಿನ ಏಳು ಹತ್ತಕ್ಕೆ ಲಗೇಜನ್ನು ನಿಜವಾದ ಬಸ್ಸಿಗೆ ಹತ್ತಿಸಿ ಬೀಳ್ಕೊಡಲು ಓಣಿಯೆಲ್ಲ ಬಂತು. ನಾನು ಆಗಲೇ ಹತ್ತಿ ಕೂತಿದ್ದೆ, ಅವರ ಹೆಂಡತಿ ಮನೆಯಲ್ಲಿದ್ದರು. ಕಂಡಕ್ಟ್ರು ನಾಯಿಯನ್ನು ಎತ್ತಿ ಮೆಟ್ಟಿಲ ಮೇಲೆ ನಿಲ್ಲಿಸಿದರು. ನಿಂತದ್ದು ನಿಂತೇ ಇತ್ತು. ಹಾರ್ನ್ ಹೊಡೆದರೂ ಅಲುಗಲಿಲ್ಲ. ಹೊಸ ಕಂಡಕ್ಟರ್ ತನ್ನ ಹೊಸ ಸೀಟಿಯನ್ನು ಪೀ ಪೀ ಎಂದು ಊದಿದ. ನಾಯಿ ಬೇರೆ ಕಡೆ ನೋಡಿತು. "ಟೈಮಾತ್ರೀ!" ಎಂದು ಡ್ರೈವರ್ ಕೂಗಿದ. ಬಾಗಿಲಲ್ಲಿ ನಾಯಿ, ಹಿಂದೆ ಹತ್ತಲು ನಿಂತ ಹತ್ತು ಜನ.

ಕಂಡಕ್ಟ್ರು ಬಗ್ಗಿದರು. "ಒಂದು, ಎರಡು, ಮೂರು, ನಾಲ್ಕು" ಎಂದು ಒಂದೊಂದು ಪಾದವನ್ನೂ ಮುಟ್ಟಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಕೊರಳಿನ ಹಳೆಯ ಸೀಟಿಯನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಎರಡು ಸಲ ಊದಿದರು.

ನಾಯಿ ಒಳಗೆ ನಡೆದು ಉದ್ದ ಸೀಟಿನ ಕೆಳಗೆ ಮಲಗಿತು. ಡ್ರೈವರೂ ಹಳಬ, ಆ ಸೀಟಿಗೆ ಒಗ್ಗಿದ ಕಿವಿ. ಕೇಳಿದ್ದೇ ಗೇರ್ ಹಾಕಿ ಬಸ್ಸು ಬಿಟ್ಟೇಬಿಟ್ಟ. ಕಂಡಕ್ಟ್ರು ರಸ್ತೆಯ ಮೇಲೆಯೇ ಉಳಿದರು. ಹತ್ತಲು ನಿಂತ ಹತ್ತು ಜನರೂ, ಹೊಸ ಕಂಡಕ್ಟರನೂ ಅವರ ಜೊತೆ ಉಳಿದರು. ನಾನು ಕಿಟಕಿಯಿಂದ ಕೂಗಿದರೆ ಅವರು ಎರಡೂ ಕೈಯೆತ್ತಿ ಹೋಗಿ ಹೋಗಿ ಎಂದು ಬೀಸುತ್ತಿದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಸಂಜೆಯ ಬಸ್ಸಿನಲ್ಲಿ ಲಗೇಜು ನನ್ನ ಜೊತೆ ಮನೆಗೆ ವಾಪಸ್ ಬಂತು. ಆಮೇಲೆ ಎರಡು ವರ್ಷ ಮನೆಯೊಳಗಿನ ಬಸ್ಸಿಗೆ ರೈಟ್ ಕೊಡುವ ಕೆಲಸ ಕಂಡಕ್ಟ್ರದೇ ಆಯಿತು. ಕಾಲು ವಾಸಿಯಾದರೂ ಲಗೇಜು ಮನೆಯ ರೂಟನ್ನು ಬಿಡಲಿಲ್ಲ. ಊಟ ಸೊರಬದಲ್ಲಿ, ಸೊರಬಕ್ಕೆ ಹೋಗಬೇಕಾದರೆ ಎರಡು ಸೀಟಿ. ಕುಕ್ಕರ್ ಅಟ್ಟದಲ್ಲೇ ಇತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ಚಹಾ ಕುಡಿದು ಕುರ್ಚಿಗೆ ಒರಗಿದವರು ಏಳಲಿಲ್ಲ. ಮಣ್ಣಿಗೆ ಒಯ್ಯುವಾಗ ಅವರ ಹೆಂಡತಿ ಸೀಟಿಯನ್ನು ಅವರ ಅಂಗಿಯ ಜೇಬಿಗೆ ಹಾಕಿದರು. "ಅದಿಲ್ದೆ ಅವರು ಎಲ್ಲಿಗೂ ಹೋಗಿದ್ದೇ ಇಲ್ಲ" ಎಂದರು. ಸರಿಯೆನಿಸಿತು, ಎಲ್ಲರೂ ತಲೆಯಾಡಿಸಿದೆವು. ನಾಯಿಯ ನೆನಪು ಯಾರಿಗೂ ಬರಲಿಲ್ಲ.

ಮೂರು ದಿನ ಲಗೇಜು ಪಡಸಾಲೆಯಲ್ಲಿ, ಬೋರ್ಡಿನ ಪಕ್ಕ ಮಲಗಿತ್ತು. ಅನ್ನವನ್ನು ಮೂತಿಯ ಮುಂದೆಯೇ ಇಟ್ಟರೂ ಮುಟ್ಟಲಿಲ್ಲ. ಅದು ಶಿಕಾರಿಪುರ, ಅಲ್ಲಿ ಊಟವಿಲ್ಲ. ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಬಿಟ್ಟೆ. ವಾಪಸ್ ಬಂದು ಅಲ್ಲೇ ಮಲಗಿತು. ನಾನು ಪೇಟೆಗೆ ಹೋಗಿ ಕೆಂಪು ಪ್ಲಾಸ್ಟಿಕ್ ಸೀಟಿಯೊಂದನ್ನು ತಂದು ಊದಿದೆ. ಒಂದು ಕಣ್ಣು ತೆರೆದು ಮುಚ್ಚಿತು. ನಾಲಗೆ ಒಣಗಿತ್ತು, ಪಕ್ಕೆ ಎದ್ದು ಕಾಣುತ್ತಿತ್ತು. "ಇದೂ ಹೋಗುತ್ತೆ ನೋಡಿ" ಎಂದು ಗಿರಿಜಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಕಂಡಕ್ಟ್ರ ಹೆಂಡತಿ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದವರು ಎದ್ದರು. "ಮೇಷ್ಟ್ರೇ, ಅಟ್ಟದಿಂದ ಕುಕ್ಕರ್ ಇಳಿಸಿ ಕೊಡಿ" ಎಂದರು.

"ಅಕ್ಕಾ, ಇನ್ನೂ ಸೂತಕ ಕಳೆದಿಲ್ಲ. ಒಲೆ ಹಚ್ಚಬಾರದು" ಎಂದರು ಗಿರಿಜಮ್ಮ.

"ನಂಗಲ್ಲ ಮಾರಾಯ್ತಿ, ಅದಕ್ಕೆ."

ಬೇಳೆ ತೊಳೆದು, ನೀರು ಹಾಕಿ, ಮುಚ್ಚಳ ಬಿಗಿದು, ಒಲೆ ಹಚ್ಚಿದರು. ನಾವು ಮೂವರೂ ಒಲೆಯ ಮುಂದೆ ನಿಂತೆವು. ಕುಕ್ಕರ್ ಒಂದು ಸೀಟಿ ಹೊಡೆಯಿತು. ಗಿರಿಜಮ್ಮನ ಕೈ ಅಭ್ಯಾಸದಿಂದ ಒಲೆಯ ಕಡೆ ಹೋಯಿತು. ಕಂಡಕ್ಟ್ರ ಹೆಂಡತಿ ಆ ಕೈ ಹಿಡಿದುಕೊಂಡರು. ಇನ್ನೊಂದು ಸೀಟಿ ಬಂತು.

ಪಡಸಾಲೆಯಲ್ಲಿ ಉಗುರಿನ ಸದ್ದು. ನಾನು ಬಗ್ಗಿ ನೋಡಿದೆ. ಒಂದು, ಎರಡು, ಮೂರು, ಆ ಸೊಟ್ಟಗಾಲು ನಾಲ್ಕು. ಲಗೇಜು ಶಿರಾಳಕೊಪ್ಪದಲ್ಲಿ ನಿಂತಿತು, ತಾಳಗುಂದದ ಕಡೆ ತಿರುಗಿ ನೋಡಿತು, ಕುಬಟೂರಿನಲ್ಲಿ ಸ್ವಲ್ಪ ಹೊತ್ತು ಕೂತಿತು, ಆಮೇಲೆ ಅಡುಗೆಮನೆಯ ಹೊಸ್ತಿಲು ದಾಟಿ ಬಂದು ಅವರ ಕಾಲ ಬಳಿ ಕೂತಿತು.

ಅವರು ಒಲೆ ಆರಿಸಿ, ಹಬೆ ಇಳಿಸಿ, ಮುಚ್ಚಳ ತೆಗೆದು ಒಂದು ಕಾಳು ಹಿಚುಕಿ ನೋಡಿದರು.

"ಬೇಳೆ ಅರ್ಧ ಬೆಂದಿಲ್ಲ" ಎಂದರು. "ಇರ್ಲಿ. ಇವತ್ತು ಹಿಂಗೇ ಉಣ್ಣೋಣ."